ಔಷಧಿಗೆ ಮೊದಲು ಎರಿ ನೋಡಿ: ಜೇನಿನ ನುಸಿಗಳು

ಕೇಳುಗರಿಗೆ ನಮಸ್ಕಾರ. ಕಾರವಾರದಿಂದ ಭಟ್ಕಳದವರೆಗೆ ನುಸಿ ಎಂದರೆ ಮೊದಲು ನೆನಪಾಗುವುದು ತೆಂಗಿನಕಾಯಿಯ ನುಸಿ. ಜೇನಿನ ನುಸಿ ಅದರ ದೂರದ ನೆಂಟ. ತೆಂಗಿನದು ಬರಿಗಣ್ಣಿಗೆ ಕಾಣದು, ಇದು ಕಾಣುತ್ತದೆ.

ಮುಖ್ಯವಾದದ್ದು ವರೋವಾ. ಕೆಂಗಂದು ಬಣ್ಣ, ಒಂದೂವರೆ ಮಿಲಿಮೀಟರಿನಷ್ಟು ಅಗಲ. ಉದ್ದ ಅದಕ್ಕಿಂತ ಕಡಿಮೆ. 1904ರಲ್ಲಿ ಜಾವಾದಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ತುಡುವೆ ಜಾತಿಯ ಜೇನಿನ ಮೇಲೆಯೇ. ಹೀಗಾಗಿ ಶಿರಸಿ, ಸಿದ್ದಾಪುರ ಕಡೆಯ ತುಡುವೆ ಪೆಟ್ಟಿಗೆಯಲ್ಲಿ ಒಂದೆರಡು ನುಸಿ ಕಂಡರೆ ಗಾಬರಿಪಡಬೇಕಿಲ್ಲ.

ತುಡುವೆಯಲ್ಲಿ ಅದು ಮರಿ ಮಾಡುವುದು ಗಂಡುನೊಣದ ಮರಿ ಬೆಳೆಯುವ ಕಣದಲ್ಲಿ ಮಾತ್ರ. ಕುಟುಂಬ ಒಡೆದು ಪಾಲಾಗುವ ಕಾಲದಲ್ಲಿ ಸಂಸಾರ ಕೋಣೆಯ, ಅಂದರೆ ಮರಿ ಬೆಳೆಯುವ ಭಾಗದ, ಎರಿಯ ಅಂಚು ನೋಡಿ. ಎರಿ ಎಂದರೆ ಕಣಗಳಿರುವ ಮೇಣದ ತಟ್ಟೆ. ಗಂಡುಕಣಗಳ ಮುಚ್ಚಳ ಉಬ್ಬಿರುತ್ತದೆ, ಗಟ್ಟಿಯಾಗಿರುತ್ತದೆ, ನಟ್ಟನಡುವೆ ಸೂಜಿಮೊನೆಯಷ್ಟು ತೂತಿರುತ್ತದೆ. ಅದು ರೋಗವಲ್ಲ, ತುಡುವೆಯ ಸಹಜ ರಚನೆ. ಒಳಗೆ ನುಸಿ ಹೆಚ್ಚಾಗಿ ಸೊರಗಿದ ಗಂಡುಮರಿಗೆ ಆ ಮುಚ್ಚಳ ಒಡೆಯುವ ಶಕ್ತಿ ಇರುವುದಿಲ್ಲ. ಕೆಲಸಗಾರ ನೊಣಗಳೂ ತೆಗೆದುಕೊಡುವುದಿಲ್ಲ. ಮರಿಯೊಂದಿಗೆ ನುಸಿಯ ಸಂಸಾರವೂ ಅಲ್ಲೇ ಮುಗಿಯುತ್ತದೆ. ಕೆಲಸಗಾರ ಮರಿಗೆ ನುಸಿ ತಗುಲಿದರೆ ನೊಣಗಳೇ ಆ ಮರಿಯನ್ನು ಕಿತ್ತೆಸೆಯುತ್ತವೆ. ಇಷ್ಟು ಚೆನ್ನಾಗಿ ನಿಭಾಯಿಸುವ ಕುಟುಂಬಕ್ಕೆ ಘಾಟಿನ ಔಷಧಿ ಇಟ್ಟರೆ ಪೆಟ್ಟಿಗೆ ಬಿಟ್ಟು ಹಾರಿಹೋದೀತು, ದಯವಿಟ್ಟು ಇಡಬೇಡಿ. ತಳಹಲಗೆ ಗುಡಿಸಿ, ಮಳೆಗಾಲದಲ್ಲಿ ಆಹಾರ ಕೊಡಿ, ಸಾಕು. ತಳದ ಕಸದಲ್ಲಿ ಹರಿದಾಡುವ ಬಿಳಿಚಿದ ಸಣ್ಣ ನುಸಿಗಳು ಹೆಚ್ಚಾಗಿ ಬಿದ್ದ ಪರಾಗ ತಿನ್ನುವಂಥವು, ನಿರಪಾಯಕಾರಿ.

ಮೆಲ್ಲಿಫೆರಾ, ಅಂದರೆ ಹೊರಗಿನಿಂದ ತಂದ ಯುರೋಪಿನ ಜೇನು, ಸಾಕುವವರ ಲೆಕ್ಕ ಬೇರೆ. ಅಲ್ಲಿ ನುಸಿ ಕೆಲಸಗಾರ ಕಣದಲ್ಲೂ ಮರಿ ಮಾಡುತ್ತದೆ, ನೋಡನೋಡುತ್ತ ಹೆಚ್ಚುತ್ತದೆ. ರೆಕ್ಕೆ ಮುದುಡಿದ ನೊಣಗಳು ಪೆಟ್ಟಿಗೆಯ ಮುಂದೆ ತೆವಳುವಷ್ಟು ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೆ ಮೊದಲೇ ಸಕ್ಕರೆಪುಡಿ ಪರೀಕ್ಷೆ ಮಾಡಿ. ಮರಿ ಇರುವ ಎರಿಯಿಂದ, ರಾಣಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, 120 ಮಿಲಿಲೀಟರ್ ಅಳತೆಯಷ್ಟು ನೊಣ ಜಾಡಿಗೆ ಹಾಕಿ. ಸುಮಾರು 300 ನೊಣ ಬರುತ್ತವೆ. ಬಾಯಿಗೆ ಜಾಲರಿ ಕಟ್ಟಿ, 2 ದೊಡ್ಡ ಚಮಚ ನುಣ್ಣನೆಯ ಸಕ್ಕರೆಪುಡಿ ಉದುರಿಸಿ, ಹೊರಳಾಡಿಸಿ 2 ನಿಮಿಷ ನೆರಳಲ್ಲಿಡಿ. ಆಮೇಲೆ ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಒಂದು ನಿಮಿಷ ಜೋರಾಗಿ ಅಲುಗಿಸಿ. ತಟ್ಟೆಗೆ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ನುಸಿ ಎದ್ದು ಕಾಣುತ್ತದೆ. ಎಣಿಸಿ, ಮೂರರಿಂದ ಭಾಗಿಸಿ. ನೂರಕ್ಕೆ 3 ದಾಟಿದರೆ ಚಿಕಿತ್ಸೆ ಬೇಕು. ನಮ್ಮ ಆಷಾಢದ ತೇವಕ್ಕೆ ಪುಡಿ ಮುದ್ದೆಯಾಗಿ ನುಸಿ ಉದುರದು, ಲೆಕ್ಕ ತಪ್ಪುತ್ತದೆ; ಬಿಸಿಲಿನ ದಿನವೇ ಮಾಡಿ. ನೊಣಗಳನ್ನು ವಾಪಸ್ ಬಿಟ್ಟರೆ ಉಳಿದವು ನೆಕ್ಕಿ ಶುಚಿ ಮಾಡಿಕೊಳ್ಳುತ್ತವೆ.

ಹೆಜ್ಜೇನಿನಿಂದ ಬರುವ ಇನ್ನೊಂದು ನುಸಿ ಟ್ರೋಪಿಲೇಲಾಪ್ಸ್ ಈ ಪರೀಕ್ಷೆಗೆ ಸರಿಯಾಗಿ ಸಿಗದು. ಮಿಲಿಮೀಟರಿಗಿಂತ ಚಿಕ್ಕದು, ಉದ್ದನೆಯದು, ಎರಿಯ ಮೇಲೆ ಸರಸರ ಓಡುತ್ತದೆ. ಮುಚ್ಚಿದ ಕಣಗಳನ್ನು ಚಿಮಟದಿಂದ ಬಿಡಿಸಿಯೇ ಹುಡುಕಬೇಕು. ಬೆಳೆದ ನೊಣದ ಮೈಯಿಂದ ಅದಕ್ಕೆ ಆಹಾರ ಸಿಗದು. ಮರಿ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗಾಗಿ ರಾಣಿಯನ್ನು ಮೂರೂವರೆ ವಾರ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುವುದೇ ಇದಕ್ಕೆ ಒಳ್ಳೆಯ ದಾರಿ. ಹೂವಿನ ಸುಗ್ಗಿಯಲ್ಲಿ ಮಾತ್ರ ಬೇಡ, ಕುಟುಂಬ ಸೊರಗುತ್ತದೆ.

ಇನ್ನು ಮಾಡಿನ ಜಂತೆ ಕೊರೆಯುವ ದೊಡ್ಡ ಕಪ್ಪು ದುಂಬಿ. ಅದರಲ್ಲಿ ಕೆಲವು ಜಾತಿಯ ಹೆಣ್ಣಿಗೆ ಹೊಟ್ಟೆಯ ಮುಂಭಾಗದಲ್ಲಿ ನುಸಿಗಳಿಗೆಂದೇ ಒಂದು ಚೀಲವಿದೆ. ಆ ನುಸಿಗಳು ದುಂಬಿಯ ಗೂಡಿನವು, ನಿಮ್ಮ ಜೇನುಪೆಟ್ಟಿಗೆಗೆ ಅವುಗಳಿಂದ ತೊಂದರೆಯಿಲ್ಲ.