ಹಡಗು ಕಾದರೆ ದುಡ್ಡು ಯಾರು ಕೊಡಬೇಕು?

ಕೇಳುಗರಿಗೆ ನಮಸ್ಕಾರ. ಕಲಬುರಗಿಯಲ್ಲಿ ಕುಳಿತು ಹಡಗಿನ ಮಾತೇಕೆ ಎಂದು ನೀವು ಕೇಳಬಹುದು. ದಾಲ್ ಮಿಲ್ ಮಾಲೀಕರು ಮಾತ್ರ ಕೇಳಲಾರರು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಗೌರವ ಸಿಕ್ಕಿದ್ದು ನಿಜ. ಆದರೂ ದೇಶದ ಅಗತ್ಯಕ್ಕೆ ಕೊರತೆ ಬೀಳುವ ತೊಗರಿ ಮೊಜಾಂಬಿಕ್, ಟಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಹಡಗು ಹತ್ತಿಯೇ ಬರುತ್ತದೆ. ಅದರ ಕರಾರು ಪತ್ರದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ತಕರಾರು ಬಂದರೆ ಎಲ್ಲಿ, ಯಾರ ಮುಂದೆ, ಯಾವ ದೇಶದ ಕಾನೂನಿನಂತೆ ತೀರಬೇಕು ಎಂದು. ಸಹಿ ಹಾಕುವ ಮೊದಲು ಆ ಸಾಲು ಓದಿ. ನಾನು ಹೇಳಲು ಬಂದಿರುವುದು ಇಷ್ಟೇ.

ಅಲ್ಲಿ ಬಹಳ ಸಲ ಲಂಡನ್ ಎಂದಿರುತ್ತದೆ. ತೀರ್ಮಾನಿಸುವವರು ಸರ್ಕಾರಿ ನ್ಯಾಯಾಧೀಶರಲ್ಲ, ಮಧ್ಯಸ್ಥಗಾರರು. ಇವರಲ್ಲಿ ವಕೀಲರಿದ್ದಾರೆ, ನಿವೃತ್ತ ಕ್ಯಾಪ್ಟನ್‌ಗಳೂ ಹಡಗು ದಲ್ಲಾಳಿಗಳೂ ಇದ್ದಾರೆ. ಇವರ ಅಂತಾರಾಷ್ಟ್ರೀಯ ಸಮಾವೇಶ ಮೊದಲು ಸೇರಿದ್ದು 1974ರಲ್ಲಿ, ಅದೂ ಶೀತಲ ಸಮರದ ಮಾಸ್ಕೋದಲ್ಲಿ! 2017ರಲ್ಲಿ ಕೋಪನ್‌ಹೇಗನ್, 2023ರಲ್ಲಿ ದುಬೈ. ಅಲ್ಲಿ ಯಾರ ತಕರಾರೂ ತೀರುವುದಿಲ್ಲ. ಪ್ರಬಂಧ ಓದುತ್ತಾರೆ, ಹಳೆಯ ತೀರ್ಪುಗಳನ್ನು ಕೆದಕಿ ವಾದಿಸುತ್ತಾರೆ.

ಅಂಥ ಒಂದು ಹಳೆಯ ಪ್ರಕರಣ ನನಗೆ ಬಲು ಇಷ್ಟ. 1968ರ ಜನವರಿ. ‘ಯೊಹಾನಾ ಓಲ್ಡೆನ್‌ಡಾರ್ಫ್’ ಎಂಬ ಹಡಗು ಅಮೆರಿಕದಿಂದ ಧಾನ್ಯ ತುಂಬಿಕೊಂಡು ಲಿವರ್‌ಪೂಲ್‌ಗೆ ಬಂತು. ಧಕ್ಕೆಯಲ್ಲಿ ಜಾಗವಿಲ್ಲ. ಹದಿನೇಳು ಮೈಲಿ ಆಚೆ, ಮರ್ಸಿ ನದೀಮುಖದ ಲಂಗರು ತಾಣದಲ್ಲಿ, ಎರಡು ವಾರಕ್ಕೂ ಹೆಚ್ಚು ಕಾಲ ಸುಮ್ಮನೆ ನಿಂತಿತು. ನಮ್ಮ ಗಂಜ್‌ನಲ್ಲಿ ಲಾರಿ ನಿಂತರೆ ಹಾಲ್ಟಿಂಗ್ ಕೇಳುವುದಿಲ್ಲವೇ? ಹಾಗೆಯೇ ಹಡಗಿನವರು ಡೆಮರೇಜ್, ಅಂದರೆ ಕಾದದ್ದಕ್ಕೆ ದುಡ್ಡು, ಕೇಳಿದರು. ಬಾಡಿಗೆಗೆ ಪಡೆದವರು, ‘ಹಡಗು ಇನ್ನೂ ಬಂದೇ ಇಲ್ಲವಲ್ಲ, ಸರಕು ಇಳಿಸುವ ಸಮಯದ ಲೆಕ್ಕ ಎಲ್ಲಿಂದ ಶುರುವಾಯಿತು?’ ಎಂದರು. ಅವರ ಬೆನ್ನಿಗೆ 1960ರ ತೀರ್ಪೊಂದಿತ್ತು. ಬ್ಯೂನಸ್ ಐರಿಸ್‌ನ ಹೊರಗೆ ಕಾದ ಹಡಗನ್ನು ಬಂದಿಲ್ಲವೆಂದೇ ಆಗ ತೀರ್ಮಾನಿಸಲಾಗಿತ್ತು. ಮಧ್ಯಸ್ಥರ ಮುಂದೆ ಶುರುವಾದ ಜಗಳ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಏರಿತು. 1973ರಲ್ಲಿ ಲಾರ್ಡ್‌ಗಳು ತಮ್ಮದೇ ಹಳೆಯ ತೀರ್ಪನ್ನು ಬದಿಗಿಟ್ಟರು: ಬಂದರಿನೊಳಗೆ ಹಡಗುಗಳು ರೂಢಿಯಂತೆ ಕಾಯುವ ಜಾಗದಲ್ಲಿದ್ದು, ಬಾಡಿಗೆದಾರರ ಅಪ್ಪಣೆಗೆ ಸಿದ್ಧವಾಗಿದ್ದರೆ ಹಡಗು ಬಂದಂತೆಯೇ. ಬಾಡಿಗೆದಾರರು ಸೋತರು. ಆ ಸಣ್ಣ ಸಾಲಿನಲ್ಲಿ ಇಂಗ್ಲೆಂಡಿನ ಕಾನೂನು ಎಂದಿದ್ದರೆ ನಿಮ್ಮ ತಕರಾರನ್ನೂ ಇಂಥ ತೀರ್ಪುಗಳಿಂದಲೇ ಅಳೆಯುತ್ತಾರೆ.

ಇಷ್ಟು ಹೇಳಿದ ಮೇಲೂ, ‘ಕಾಗದವೆಲ್ಲ ದಲ್ಲಾಳಿ ನೋಡಿಕೊಳ್ಳುತ್ತಾರೆ ಸರ್’ ಎನ್ನುವವರಿದ್ದಾರೆ. ಸ್ವಾಮಿ, ದುಡ್ಡು ನಿಮ್ಮದು. ಆ ಸಾಲು ನೀವೇ ಓದಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಲಂಡನ್ನಿನ ತೀರ್ಮಾನ ಇಲ್ಲಿ ನಡೆಯದು ಎಂದು ನಂಬಿ ಕೂರಬೇಡಿ. ಹೊರದೇಶದ ಮಧ್ಯಸ್ಥರ ತೀರ್ಮಾನಗಳನ್ನು ಮಾನ್ಯ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ ಸೇರಿದೆ; ನಮ್ಮ 1996ರ ಮಧ್ಯಸ್ಥಿಕೆ ಕಾಯ್ದೆಯಡಿ ಇಲ್ಲಿನ ಕೋರ್ಟಿನಿಂದಲೇ ವಸೂಲಿ ಮಾಡಿಸಬಹುದು. ಸಣ್ಣ ಮೊತ್ತದ ತಕರಾರಾದರೆ ಲಂಡನ್‌ನಲ್ಲಿ ಒಬ್ಬರೇ ಮಧ್ಯಸ್ಥಗಾರರು ಸಾಮಾನ್ಯವಾಗಿ ಕಾಗದ ಪತ್ರ ನೋಡಿಯೇ ಮುಗಿಸುವ ಕ್ರಮವೂ ಇದೆ, ವಿಮಾನ ಹತ್ತಬೇಕಿಲ್ಲ. ಆದರೆ ಅದಕ್ಕೂ ಕರಾರಿನಲ್ಲಿ ಒಪ್ಪಿಗೆ ಬೇಕು. ಅದೂ ಆ ಸಾಲಿನಲ್ಲೇ ಇರುತ್ತದೆ. ನಮಸ್ಕಾರ.