ಬ್ಯಾರೋ ದಂಡೆಯ ಸೇಂಟ್ ಮುಲ್ಲಿನ್ಸ್

ಕೇಳುಗರಿಗೆ ನಮಸ್ಕಾರ.

ಮಗನೋ ಮಗಳೋ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದು, ಈ ಬೇಸಿಗೆಗೆ ಅಲ್ಲಿಗೆ ಹೊರಟಿರುವ ಅಪ್ಪ ಅಮ್ಮಂದಿರಿಗಾಗಿ ಇವತ್ತಿನ ಮಾತು. ಮೋಹರ್‌ನ ಕಡಲಬಂಡೆಗಳನ್ನು ಬಸ್ಸಿನಲ್ಲಿ ಹೋಗಿ ನೋಡಿಬರುತ್ತೀರಿ, ಸಂತೋಷ. ಆದರೆ ಒಂದು ದಿನ ಉಳಿಸಿಕೊಂಡು ಕಾರ್ಲೋ ಕೌಂಟಿಯ ಸೇಂಟ್ ಮುಲ್ಲಿನ್ಸ್ ಎಂಬ ಪುಟ್ಟ ಹಳ್ಳಿಗೆ ಹೋಗಿ. ಹೋಗುವಾಗ ದಯವಿಟ್ಟು ನಡೆದೇ ಹೋಗಿ.

ಡಬ್ಲಿನ್‌ನಿಂದ ಗ್ರೇಗ್‌ನಮಾನ ಎಂಬ ಊರಿಗೆ ಕಾರಿನಲ್ಲಿ ಸುಮಾರು 2 ಗಂಟೆ. ಸಿಸ್ಟರ್ಶಿಯನ್ ಸನ್ಯಾಸಿಗಳು 1204ರಲ್ಲಿ ಕಟ್ಟಿದ ಡೂಯಿಸ್ಕ್ ಮಠ ಅಲ್ಲೇ ಇದೆ. ಕಾರು ಅಲ್ಲಿಗೆ ಸಾಕು. ಮುಂದೆ ಬ್ಯಾರೋ ನದಿಯ ಪಕ್ಕದಲ್ಲೇ ಹುಲ್ಲು ಬೆಳೆದ ಸಮತಟ್ಟು ದಾರಿ, ಸುಮಾರು 6 ಕಿಲೋಮೀಟರ್. ಹಿಂದೆ ಧಾನ್ಯ ತುಂಬಿದ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತ ಕುದುರೆಗಳು ನಡೆದ ದಾರಿ ಅದು. ಏರಿಲ್ಲ, ಇಳಿತವಿಲ್ಲ. ಮಂಡಿನೋವಿನವರೂ ನಿಂತು ನಿಂತು ನಡೆಯಬಹುದು. ಕಡಲಿನ ಉಬ್ಬರ ನದಿಯಲ್ಲಿ ಎಲ್ಲಿಯವರೆಗೆ ಏರಿಬರುತ್ತದೋ ಅಲ್ಲಿಗೆ ದಾರಿಯೂ ಮುಗಿಯುತ್ತದೆ. ಅದೇ ಸೇಂಟ್ ಮುಲ್ಲಿನ್ಸ್.

ನಡೆದೇ ಹೋಗಿ ಎಂದು ಯಾಕಿಷ್ಟು ಒತ್ತಾಯ ಮಾಡುತ್ತಿದ್ದೇನೆ? ಈ ಊರಿನ ಕಥೆಯೇ ಕಾಲು ಮತ್ತು ನೀರಿನದು. 7ನೇ ಶತಮಾನದಲ್ಲಿ ಇಲ್ಲಿ ಮಠ ಕಟ್ಟಿದವರು ಸಂತ ಮೋಲಿಂಗ್. ಮಠದ ಗಿರಣಿಗೆ ನೀರು ಬೇಕಾಯಿತು. ಅವರು ಒಬ್ಬರೇ 7 ವರ್ಷ ಅಗೆದು ಕಾಲುವೆ ತಂದರಂತೆ, ಕೆಲಸ ಮುಗಿಯುವವರೆಗೆ ಆ ನೀರನ್ನು ಕುಡಿಯಲಿಲ್ಲವಂತೆ, ಅದರಲ್ಲಿ ಮೈ ತೊಳೆಯಲಿಲ್ಲವಂತೆ. ಆ ಕಾಲುವೆಯ ನೀರಿಗಿಳಿದು ನಡೆಯುವುದೇ ಮುಂದೆ ಹರಕೆಯಾಯಿತು.

ಈಗ 1348ಕ್ಕೆ ಬನ್ನಿ. ಪ್ಲೇಗು ಐರ್ಲೆಂಡಿಗೆ ಕಾಲಿಟ್ಟ ವರ್ಷ. ಪಕ್ಕದ ಕಿಲ್ಕೆನಿಯಲ್ಲಿದ್ದ ಜಾನ್ ಕ್ಲಿನ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಕಂಡದ್ದನ್ನು, ಕೇಳಿದ್ದನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟರು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ದೇಶದ ಮೂಲೆಮೂಲೆಯಿಂದ ಬಿಷಪ್ಪರು, ಶ್ರೀಮಂತರು, ಗಂಡಸರು, ಹೆಂಗಸರು ಸಾವಿರಗಟ್ಟಲೆ ಬಂದು ಮೋಲಿಂಗರ ನೀರಿಗಿಳಿದರು. ಕೆಲವರು ಭಕ್ತಿಯಿಂದ ಬಂದರು, ಹೆಚ್ಚಿನವರು ಪ್ಲೇಗಿನ ಭಯಕ್ಕೆ ಬಂದರು ಎನ್ನುತ್ತಾರೆ ಕ್ಲಿನ್. ಎಷ್ಟು ನೇರ ಮಾತು ನೋಡಿ! ಸುತ್ತಲೂ ಜನ ಸಾಯುತ್ತಿದ್ದಾಗ ಅವರು ಇನ್ನೊಂದು ಕೆಲಸ ಮಾಡಿದರು. ಬರೆಯುವವನೊಂದಿಗೆ ಬರಹವೂ ಅಳಿಯಬಾರದೆಂದು, ಮನುಷ್ಯರಲ್ಲಿ ಯಾರಾದರೂ ಬದುಕುಳಿದರೆ ಮುಂದುವರಿಸಲೆಂದು, ಖಾಲಿ ಚರ್ಮದ ಹಾಳೆಗಳನ್ನು ಬಿಟ್ಟುಹೋಗುತ್ತೇನೆಂದು ಬರೆದರು. ಅದಾದ ಮೇಲೆ ಇನ್ನೊಬ್ಬರ ಕೈಬರಹದಲ್ಲಿ ಒಂದೇ ಸಾಲಿದೆ: ಗ್ರಂಥಕರ್ತ ಇಲ್ಲಿ ತೀರಿಕೊಂಡಂತೆ ಕಾಣುತ್ತದೆ.

ಆ ಜನ ಕುದುರೆಯ ಮೇಲೆ ಬಂದಿರಬಹುದು, ಬರಿಗಾಲಲ್ಲಿ ಬಂದಿರಬಹುದು. ನೀರಿನಲ್ಲಿ ಮಾತ್ರ ಎಲ್ಲರೂ ನಡೆದರು. ಕಾರಿನಿಂದಿಳಿದು ಹತ್ತು ನಿಮಿಷಕ್ಕೆ ಫೋಟೋ ತೆಗೆದು ಹೊರಡುವವರಿಗೆ ಇದೆಲ್ಲ ಹೇಗೆ ತಟ್ಟಬೇಕು?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ಮಶಾನದಲ್ಲಿ ದುಂಡುಗೋಪುರದ ಬುಡ, ಎತ್ತರದ ಕಲ್ಲುಶಿಲುಬೆ, ಪಾಳು ಚರ್ಚುಗಳಿವೆ. ಪಕ್ಕದ ಹುಲ್ಲುದಿಬ್ಬ ನಾರ್ಮನ್ನರ ಕೋಟೆಯದು. ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್‌ನಿಗೆ ಎದುರು ನಿಂತ ಲೆನ್‌ಸ್ಟರ್‌ನ ಅರಸ ಆರ್ಟ್ ಮ್ಯಾಕ್‌ಮರೋನ ಸಮಾಧಿಯೂ ಇಲ್ಲೇ ಎನ್ನುತ್ತದೆ ಐತಿಹ್ಯ. ಮೋಲಿಂಗರ ಹೆಸರಿನ ಪುಟ್ಟ ಸುವಾರ್ತೆಯ ಹಸ್ತಪ್ರತಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಮೋಲಿಂಗರ ಬಾವಿಯನ್ನಂತೂ ಬಿಡಬೇಡಿ. ಚಾವಣಿಯಿಲ್ಲದ ಸಣ್ಣ ಕಲ್ಲುಕಟ್ಟಡದೊಳಕ್ಕೆ ಕಲ್ಲಿನ ಕಿಂಡಿಗಳಿಂದ ನೀರು ಬೀಳುತ್ತಲೇ ಇರುತ್ತದೆ. ಜುಲೈ ತಿಂಗಳ ಒಂದು ಭಾನುವಾರ ಇಲ್ಲಿ ಇವತ್ತಿಗೂ ಜಾತ್ರೆ ಸೇರುತ್ತದೆ.

ಕೊಡೆ ನಂಬಬೇಡಿ, ಗಾಳಿಗೆ ನಿಲ್ಲುವುದಿಲ್ಲ. ತಲೆ ಮುಚ್ಚುವ ಮಳೆಕೋಟು, ನೀರು ಹಿಡಿಯದ ಬೂಟು ಇರಲಿ. ಬಸ್ಸನ್ನು ನೆಚ್ಚಿಕೊಳ್ಳಬೇಡಿ. ಮಕ್ಕಳು ನಿಮ್ಮನ್ನು ಗ್ರೇಗ್‌ನಮಾನದಲ್ಲಿ ಇಳಿಸಿ, ಕಾರನ್ನು ಸೇಂಟ್ ಮುಲ್ಲಿನ್ಸ್‌ಗೆ ತಂದು ಕಾಯಲಿ. ನೀವು ಮಾತ್ರ ನಡೆದೇ ಹೋಗಿ. ನಮಸ್ಕಾರ.