ಹೊಲವೂ ಉಳಿಯಲಿ, ಚಿಗರಿಯೂ ನರಳದಿರಲಿ

ರೈತ ಬಂಧುಗಳೇ, ತಾಯಂದಿರೇ, ವಿದ್ಯಾರ್ಥಿ ಮಿತ್ರರೇ,

ನಮ್ಮ ಬೀದರ್ ಜಿಲ್ಲೆಯಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ನೋಡೋಕೆ ಕಾಡಿಗೆ ಹೋಗಬೇಕಾಗಿಲ್ಲ. ಉದ್ದು, ಹೆಸರು, ಸೋಯಾ ಮೊಳೆತು ಎಲೆ ಬಿಡುವ ಹೊತ್ತಿಗೆ ಅವೇ ಹೊಲಕ್ಕೆ ಬರುತ್ತವೆ. ಸಾಲ ಮಾಡಿ ಬಿತ್ತಿದವರಿಗೆ ಬೆಳೆ ಬೋಳಾಗಿದ್ದು ಕಂಡರೆ ಸಿಟ್ಟು ಬರದೇ ಇರುತ್ತಾ? ಆ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಬೆಳೆ ಕಾಯಲೇಬೇಕು. ಹೇಗೆ ಕಾಯುತ್ತೇವೆ ಅನ್ನುವುದರ ಬಗ್ಗೆ ಮಾತ್ರ ಇವತ್ತು ಮಾತಾಡೋಣ.

ಕೆಲವರು ಹೊಲದ ಸುತ್ತ ತಂತಿ ಎಳೆದು ನೇರವಾಗಿ ಲೈನಿನಿಂದ ಕರೆಂಟ್ ಕೊಡುತ್ತಾರೆ. ಇದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಕ್ರೂರ. 230 ವೋಲ್ಟಿನ ಕರೆಂಟ್ ಬಿಡದೆ ಹರಿಯುತ್ತದೆ, ಮೈ ಬಿಗಿಯುತ್ತದೆ, ಪ್ರಾಣಿ ಬಿಡಿಸಿಕೊಳ್ಳಲಾರದೆ ಒದ್ದಾಡಿ ಸಾಯುತ್ತದೆ. ಕತ್ತಲಲ್ಲಿ ನೀರು ಕಟ್ಟಲು ಹೋದ ಮನುಷ್ಯರೂ ಇಂಥ ತಂತಿಗೆ ಜೀವ ಕೊಟ್ಟಿದ್ದಾರೆ. ಸೋಲಾರ್ ಬೇಲಿ ಹಾಗಲ್ಲ. ಅದರ ಯಂತ್ರ ಬ್ಯಾಟರಿಯಿಂದ ಸೆಕೆಂಡಿಗೆ ಒಂದು ಸಲದಂತೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಬದುಕಿ ಹೋಗುತ್ತದೆ. ತಂತಿಗೆ ಹುಲ್ಲು ತಾಗದಂತೆ ನೋಡಿಕೊಂಡರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಎಷ್ಟೋ ಕಡೆ ಬೇಲಿ ಸೋಲುವುದು ಇಲ್ಲೇ.

ಉರುಳು, ಸಿಡಿಮದ್ದು ಇನ್ನೂ ಕೆಟ್ಟವು. ಹಂದಿಗೆ ಇಟ್ಟ ಮದ್ದನ್ನು ನಿಮ್ಮದೇ ಎಮ್ಮೆ ಕಚ್ಚಿದರೆ ದವಡೆ ಒಡೆಯುತ್ತದೆ. ಮೇಯಲಾಗದೆ ದಿನಗಟ್ಟಲೆ ನರಳುತ್ತದೆ.

ಇನ್ನು ತೋಳದ ಮಾತು. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿದರು. ಸುಮಾರು 135 ಚದರ ಕಿಲೋಮೀಟರ್. ಆದರೆ ತೋಳ ಹೆಚ್ಚಾಗಿ ಬಯಲಿನ ಪ್ರಾಣಿ, ಧಾಮದ ಗಡಿ ಅದಕ್ಕೆ ಗೊತ್ತಿಲ್ಲ. ಹುಲ್ಲುಗಾವಲು ಹೊಲವಾದಂತೆ ಅದರ ಬೇಟೆ ಕಡಿಮೆಯಾಗುತ್ತದೆ, ಕುರಿ ದಡ್ಡಿಗೆ ಬರುತ್ತದೆ. ಸತ್ತ ಕುರಿಗೆ ವಿಷ ಸವರಿ ಇಟ್ಟರೆ ಬರೀ ತೋಳ ಸಾಯುವುದಿಲ್ಲ. ಕತ್ತೆಕಿರುಬ, ಹದ್ದು, ಮಂದೆ ಕಾಯುವ ನಾಯಿ, ಎಲ್ಲವೂ ಸಾಯುತ್ತವೆ. ರಾತ್ರಿ ದಡ್ಡಿಗೆ ಎತ್ತರದ ಬಲೆ, ಒಳ್ಳೆಯ ನಾಯಿ, ಮರಿಗಳಿಗೆ ಮುಚ್ಚಿದ ಗೂಡು: ಕುರಿಗಾಹಿಗಳಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಅದರ ಖರ್ಚಿಗೆ ನೆರವು ಕೊಡುವವರು ಬೇಕು, ಅಷ್ಟೇ.

ಪ್ರಾಣಿ ಊರೊಳಗೆ ಬಂದುಬಿಟ್ಟರೆ? ಮೊದಲು ಸೇರುವುದು ಗುಂಪು. ಕೂಗು, ಕಲ್ಲು, ಮೊಬೈಲ್. ಓಡಿಸಿ ಓಡಿಸಿ ಹಿಡಿದ ಚಿಗರಿಗೆ ಹೊರಗೆ ಗಾಯ ಕಾಣದಿರಬಹುದು. ಆದರೆ ಭಯಕ್ಕೆ, ದಣಿವಿಗೆ ಅದರ ಸ್ನಾಯುಗಳೇ ಹಾಳಾಗುತ್ತವೆ. ಬಿಟ್ಟ ಮೇಲೂ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಸಾಯಬಹುದು. ಜನರನ್ನು ದೂರ ನಿಲ್ಲಿಸಿ, ಹೋಗಲು ಒಂದು ದಾರಿ ತೆರೆದಿಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಿಡಿಯಲೇಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಸದ್ದು ತಗ್ಗಿಸುತ್ತಾರೆ. ಕಣ್ಣಿಗೆ ಕತ್ತಲಾದರೆ ಪ್ರಾಣಿ ಶಾಂತವಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ತೋಳ, ಚಿರತೆ, ಚಿಗರಿ ಮೊದಲ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಇಂಥ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯವಾದಾಗ, ಇಲ್ಲವೇ ವಾಸಿಯಾಗದ ಸ್ಥಿತಿಗೆ ಬಂದಾಗ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅದನ್ನು ಹಿಡಿಯಲು ಇಲ್ಲವೇ ಕೊಲ್ಲಲು ಆದೇಶ ಕೊಡಬಹುದು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಬಿಡಲು ಸಾಧ್ಯವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೊಲ್ಲುವ ಮಾತು. ಹಿಡಿಯುವಾಗಲೂ ಆದಷ್ಟು ಕಡಿಮೆ ಆಘಾತವಾಗಬೇಕು ಎಂದು ಅಲ್ಲೇ ಬರೆದಿದೆ. ಹಾಗಂತ ಪ್ರಾಣ ಉಳಿಸಿಕೊಳ್ಳಲು ಎದುರಿಸಿದವರನ್ನು ಕಾಯ್ದೆ ಶಿಕ್ಷಿಸುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಯೆಯ ಖರ್ಚನ್ನೆಲ್ಲ ಬಡ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಪರಿಹಾರ ತಡವಾದಷ್ಟೂ ವಿಷದ ಡಬ್ಬಿ ಹತ್ತಿರವಾಗುತ್ತದೆ. ಬೆಳೆ ಹಾಳಾದ ದಿನವೇ ಫೋಟೊ ತೆಗೆಯಿರಿ, ಅರಣ್ಯ ಇಲಾಖೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಒಬ್ಬೊಬ್ಬರೇ ಬೇಲಿ ಹಾಕಿದರೆ ಚಿಗರಿ ಪಕ್ಕದವರ ಹೊಲಕ್ಕೆ ಹೋಗುತ್ತದೆ, ಅಲ್ವಾ? ಅದಕ್ಕೇ ನಾಲ್ಕಾರು ಹೊಲಗಳಿಗೆ ಒಂದೇ ಸೋಲಾರ್ ಬೇಲಿ, ಮೊಳಕೆಯ ವಾರಗಳಲ್ಲಿ ಸರದಿ ಕಾವಲು, ಪ್ರಾಣಿಗಳು ಓಡಾಡುವ ಗೋಮಾಳ ಖಾಲಿ ಬಿಡುವುದು, ಈ ಮೂರನ್ನೂ ಮುಂದಿನ ಗ್ರಾಮಸಭೆಯಲ್ಲಿ ಎತ್ತಿ. ಅಲ್ಲಿಗೆ ಅರಣ್ಯ ಇಲಾಖೆಯವರನ್ನೂ ಕರೆಸಿ.